ಸಂದಿಯಲ್ಲಿ ಹನ್ನೆರಡು ನಿಮಿಷ

ವ್ಯಾನಕ್ಕ ಉಚ್ಚೆಗೆ ಹೋಗಿದ್ದು ಗೋಡೆಯ ಮೇಲೆ ಬಂದಿತ್ತು.

ಬೆಳಗಿನ ಆರೂವರೆಯ ಮೀಟಿಂಗು. ಗಾಡಿ ನಿಲ್ಲಿಸುವ ಶೆಡ್ಡಿನ ಪಕ್ಕದ ಕೋಣೆ. ಹದಿಮೂರು ಜನ ಗಂಡಸು ಡ್ರೈವರುಗಳು, ಹದಿನಾಲ್ಕನೆಯವಳು ಅವಳು. ಎದುರು ಗೋಡೆಗೆ ದೊಡ್ಡ ಪರದೆ ತೂಗುಹಾಕಿದ್ದರು. ಪರದೆಯಲ್ಲಿ ಊರಿನ ನಕ್ಷೆ. ಹಿಂದಿನ ದಿನ ಯಾವ ಗಾಡಿ ಎಲ್ಲೆಲ್ಲಿ ಓಡಿತೆಂದು ಹಸಿರು ಗೆರೆ, ಎಲ್ಲೆಲ್ಲಿ ನಿಂತಿತೆಂದು ಕೆಂಪು ಚುಕ್ಕಿ.

ಸೂಪರ್‌ವೈಸರ್ ಒಂದು ಚುಕ್ಕಿಯ ಮೇಲೆ ಬೆರಳಿಟ್ಟ.

"ನಾಲ್ಕನೇ ನಂಬರ್ ಗಾಡಿ. ಪೆಟ್ರೋಲ್ ಬಂಕ್ ಹತ್ತಿರ ಒಂಬತ್ತು ನಿಮಿಷ. ಟ್ಯಾಂಕ್ ತುಂಬಿಸಿಲ್ಲ. ಏನ್ ಮಾಡ್ತಿದ್ದೆ?"

ಅವನು ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಉಳಿದ ಡ್ರೈವರುಗಳನ್ನೆಲ್ಲ ನೀವು ಎನ್ನುತ್ತಿದ್ದ. ಅವಳೊಬ್ಬಳನ್ನು ನೀನು. ಯಾಕೆಂದರೆ ಡ್ರೈವರ್ ಆಗುವ ಮುಂಚೆ ಅವಳು ಅದೇ ಶೆಡ್ಡಿನ ಕಸ ಗುಡಿಸುತ್ತಿದ್ದಳು. ಲೈಸೆನ್ಸು ಬಂತು, ಸ್ಟೇರಿಂಗು ಕೈಗೆ ಬಂತು. ಅವನ ಬಾಯಲ್ಲಿ ಪೊರಕೆ ಮಾತ್ರ ಹಾಗೇ ಉಳಿದಿತ್ತು.

"ಬಾತ್‌ರೂಮಿಗೆ ಹೋಗಿದ್ದೆ," ಎಂದಳು.

"ಒಂಬತ್ತು ನಿಮಿಷ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೀಸೆ ನಕ್ಕ. ಮೀಸೆ ಎಂದರೆ ಎರಡನೇ ನಂಬರ್ ಗಾಡಿಯವನು, ಎಲ್ಲರಿಗಿಂತ ಹಳಬ. ಅವನು ನಕ್ಕರೆ ಮಿಕ್ಕವರಿಗೆ ನಗಲು ಅಪ್ಪಣೆ ಸಿಕ್ಕ ಹಾಗೆ. ಕೋಣೆ ಪೂರ್ತಿ ನಕ್ಕಿತು.

ಅವಳಿಗೆ ಹೇಳುವುದು ಇತ್ತು. ನಿಮಗೆ ಒಂದು ಮರ ಸಾಕು, ಒಂದು ಮೋಟುಗೋಡೆ ಸಾಕು. ನನಗೆ ಬಾಗಿಲು ಬೇಕು. ಆ ಬಾಗಿಲಿನ ಬೀಗದ ಕೈ ಬಂಕಿನವನ ಜೇಬಿನಲ್ಲಿರುತ್ತದೆ. ಅವನು ಗಿರಾಕಿ ಮುಗಿಸಿ ಕೊಡುವ ತನಕ ತೊಡೆ ಬಿಗಿಹಿಡಿದು ನಿಂತಿರಬೇಕು. ನಿನ್ನೆ ಮುಟ್ಟಿನ ಮೂರನೇ ದಿನ ಬೇರೆ. ಬಟ್ಟೆ ಬದಲಾಯಿಸಿ ಕೈ ತೊಳೆದುಕೊಳ್ಳಲು ನಲ್ಲಿಯಲ್ಲಿ ನೀರಿರಲಿಲ್ಲ. ಇಷ್ಟೂ ಗಂಟಲ ತನಕ ಬಂತು. ಅವಳು ನುಂಗಿಕೊಂಡಳು. ಕೆಲಸ ಬೇಕಿತ್ತು.

ಅವತ್ತಿನಿಂದ ಅವಳು ನೀರು ಕುಡಿಯುವುದನ್ನು ಬಿಟ್ಟಳು.

ಅವಳ ವ್ಯಾನು ಕಿಡ್ನಿ ಕೆಟ್ಟವರನ್ನು ಡಯಾಲಿಸಿಸ್ಸಿಗೆ ಕರೆದುಕೊಂಡು ಹೋಗಿ ಬರುವುದು. ಆಸ್ಪತ್ರೆಯವರು ಈ ಕೆಲಸವನ್ನು ಒಂದು ಕಂಪನಿಗೆ ವಹಿಸಿದ್ದರು. ರೋಗಿಗಳನ್ನು ಮನೆಬಾಗಿಲಿನಿಂದ ಎತ್ತಬೇಕು. ಮೆಟ್ಟಿಲಿದ್ದರೆ ಹೆಗಲು ಕೊಡಬೇಕು, ವೀಲ್‌ಚೇರ್ ಮಡಚಿ ಹಿಂದೆ ಹಾಕಬೇಕು. ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ಹಿಂಡಿದ ಬಟ್ಟೆಯಂತಾಗಿ ಬಂದವರನ್ನು ತಿರುಗಿ ಮನೆ ಮುಟ್ಟಿಸಬೇಕು. ಅವಳ ಎಡಹೆಗಲು ಬಲಹೆಗಲಿಗಿಂತ ಒಂದು ಬೆರಳು ಕೆಳಗಿಳಿದಿತ್ತು. ಎಲ್ಲರೂ ಆ ಹೆಗಲಿಗೇ ಒರಗುತ್ತಿದ್ದದ್ದು. ರೋಗಿಗಳು ಅವಳನ್ನು ವ್ಯಾನಕ್ಕ ಎಂದು ಕರೆದರು. ಹೆತ್ತವರಿಟ್ಟ ಹೆಸರು ಅವರಾರಿಗೂ ಬೇಕಾಗಲಿಲ್ಲ.

ರೋಗಿಗಳಲ್ಲಿ ಒಬ್ಬರು ಮೇಷ್ಟ್ರು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಅವಳ ಪಕ್ಕದ ಸೀಟೇ ಬೇಕು ಅವರಿಗೆ.

"ನಮಗೆ ಡಾಕ್ಟರು ನೀರು ಮುಟ್ಟಬೇಡಿ ಅಂದಿದಾರೆ. ನಿನ್ನ ಬಾಟ್ಲಿ ಯಾಕಮ್ಮ ನಿನ್ನೆಯಿಂದ ಹಾಗೇ ಇದೆ? ನಿನಗೆ ಯಾರಂದ್ರು?"

"ಗೋಡೆ ಅಂತು ಮೇಷ್ಟ್ರೇ."

ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಅವಳು ಬಿಡಿಸಿ ಹೇಳಿದಾಗ ನಗಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತರು.

ಗೋಡೆಗೆ ಈ ಚುಕ್ಕಿಗಳನ್ನು ಕಳಿಸುವ ಪೆಟ್ಟಿಗೆ ಗಾಡಿಗೆ ಬಂದು ಮೂರು ತಿಂಗಳಾಗಿತ್ತು. ಸೋಪಿನಷ್ಟು ದಪ್ಪ, ಕಪ್ಪು ಬಣ್ಣ, ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿ ಸೀಲು ಹಾಕಿದ್ದರು. ಗಾಡಿ ಎಲ್ಲಿದೆ, ಎಷ್ಟು ಹೊತ್ತು ನಿಂತಿದೆ, ಬ್ರೇಕು ಹೇಗೆ ಒತ್ತಿದರು, ಎಲ್ಲವನ್ನೂ ಅದು ಹೇಳುತ್ತಿತ್ತು. ಅದರ ಜೊತೆಗೇ ಸ್ಪೀಡ್ ಗವರ್ನರ್. ಐವತ್ತು ದಾಟಲು ಬಿಡುವುದಿಲ್ಲ. ಕಂಪನಿಯ ಯಜಮಾನರೇ ಬಂದು ಭಾಷಣ ಮಾಡಿದ್ದರು. "ಇದು ನಿಮ್ಮ ಸೇಫ್ಟಿಗೆ. ನಿಮ್ಮ ಮನೆಯವರು ನೆಮ್ಮದಿಯಾಗಿರಲಿ ಅಂತ." ಅವಳೂ ಚಪ್ಪಾಳೆ ತಟ್ಟಿದ್ದಳು. ಊರೊಳಗೆ ಅವಳು ನಲವತ್ತರ ಮೇಲೆ ಓಡಿಸಿದವಳೇ ಅಲ್ಲ. ಹಿಂದೆ ಕೂತವರ ತೋಳಲ್ಲಿ ಸೂಜಿ ಚುಚ್ಚಿದ ಗಾಯ ಇರುವಾಗ ಯಾರು ಓಡಿಸುತ್ತಾರೆ?

ಸೇಫ್ಟಿ ಏನೆಂದು ಒಂದು ಸೋಮವಾರ ಗೊತ್ತಾಯಿತು. ಊರಾಚೆಯ ಬೈಪಾಸ್ ರಸ್ತೆ. ಮುಂದೆ ಜಲ್ಲಿ ಲಾರಿ, ನಲವತ್ತೈದರಲ್ಲಿ ತೆವಳುತ್ತಿತ್ತು. ಟಾರ್ಪಾಲಿಲ್ಲ. ಕಲ್ಲು ಸಿಡಿದು ಗಾಜಿಗೆ ಹೊಡೆಯುತ್ತಿತ್ತು. ಎದುರು ರಸ್ತೆ ದೂರದವರೆಗೂ ಖಾಲಿ. ಅವಳು ಬಲಕ್ಕೆ ಎಳೆದಳು. ಲಾರಿಯ ಅರ್ಧ ದಾಟುವಷ್ಟರಲ್ಲಿ ಲಾರಿಯವನಿಗೂ ಹುರುಪು ಬಂತು, ಅವನೂ ಜೋರು ಮಾಡಿದ. ತಿರುವಿನಿಂದ ಬಸ್ಸು ಬಂತು. ಅವಳು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದಳು. ಎಂಜಿನ್ ಉಸಿರು ಕಟ್ಟಿದ ಹಾಗೆ ಕೂತುಬಿಟ್ಟಿತು. ಐವತ್ತು. ಮುಳ್ಳು ಅಲ್ಲಾಡಲಿಲ್ಲ. ಪಕ್ಕದಲ್ಲಿ ಲಾರಿಯ ಚಕ್ರ, ಎದುರಿಗೆ ಬಸ್ಸಿನ ಮುಖ. ಬ್ರೇಕ್ ಒತ್ತಿ ಲಾರಿಯ ಹಿಂದಕ್ಕೆ ನುಗ್ಗಿಸಿ, ಎಡಚಕ್ರಗಳನ್ನು ಮಣ್ಣಿಗಿಳಿಸಿ ನಿಲ್ಲಿಸಿದಳು. ಮೇಷ್ಟ್ರ ತೋಳು ಬಾಗಿಲಿಗೆ ಬಡಿದು ಪಟ್ಟಿಯೆಲ್ಲ ರಕ್ತವಾಯಿತು. ಹಿಂದಿನ ಸೀಟಿನ ಹೆಂಗಸು ವಾಂತಿ ಮಾಡಿಕೊಂಡಳು. ವ್ಯಾನಕ್ಕ ಅದನ್ನು ಬಳಿದಳು, ಪಟ್ಟಿ ಬಿಗಿದಳು, ಗಾಡಿ ಎತ್ತಿದಳು.

ಮರುದಿನ ಗೋಡೆಯ ಮೇಲೆ ಅವಳ ಹೆಸರಿನ ಮುಂದೆ ಕೆಂಪು ಗುರುತು. ಒರಟು ಬ್ರೇಕ್, ಒಂದು ಸಲ. ಬಸ್ಸು ಬಂದದ್ದನ್ನು ಪೆಟ್ಟಿಗೆ ಬರೆದಿರಲಿಲ್ಲ. ಬೇಕಾದಾಗ ಗಾಡಿ ಓಡಲಿಲ್ಲವೆಂದೂ ಬರೆದಿರಲಿಲ್ಲ.

"ಆ ಗವರ್ನರ್ ಇರದಿದ್ರೆ ದಾಟಿಬಿಡ್ತಿದ್ದೆ," ಎಂದಳು.

"ಓವರ್‌ಟೇಕ್ ಮಾಡು ಅಂತ ನಿನಗೆ ಯಾರು ಹೇಳಿದ್ರು?" ಎಂದ ಸೂಪರ್‌ವೈಸರ್.

ಇದನ್ನೂ ನುಂಗಿಕೊಂಡಳು. ಅದಾದ ವಾರಕ್ಕೆ ಅವನ ಬೆರಳು ಇನ್ನೊಂದು ಚುಕ್ಕಿಯ ಮೇಲೆ ಬಂದು ನಿಂತಿತು.

"ಇದೇನಿದು? ಹಳೇ ಗೋದಾಮಿನ ಹಿಂದಿನ ಸಂದಿ. ವಾರಕ್ಕೆ ಎರಡು ಸಲ, ಸೋಮವಾರ ಗುರುವಾರ. ಹನ್ನೆರಡು ನಿಮಿಷ. ಅಲ್ಲಿ ಪೇಷೆಂಟ್ ಯಾರೂ ಇಲ್ಲ. ಯಾರಿದಾರೆ ಅಲ್ಲಿ?"



ಅಲ್ಲಿ ವ್ಯಾನಕ್ಕನ ತಂಗಿ ಇದ್ದಳು.

ತಂಗಿ ಗಂಡನನ್ನು ಬಿಟ್ಟು ಓಡಿಬಂದು ನಾಲ್ಕು ತಿಂಗಳಾಗಿತ್ತು. ಓಡಿಬಂದಾಗ ಮುಂದಿನ ಎರಡು ಹಲ್ಲು ಇರಲಿಲ್ಲ. ಪೊಲೀಸರು ಎರಡು ಸಲ ರಾಜಿ ಮಾಡಿಸಿ ಕಳಿಸಿದ್ದರು. ಮೂರನೇ ಸಲ ಅವಳು ಅವರ ಹತ್ತಿರ ಹೋಗಲಿಲ್ಲ, ಅಕ್ಕನ ಹತ್ತಿರ ಬಂದಳು. ಆ ಸಂದಿಯ ಕೊನೆಯಲ್ಲಿ ಇಸ್ತ್ರಿ ಅಂಗಡಿಯ ಅಜ್ಜಿಯೊಬ್ಬಳಿದ್ದಳು. ಅಂಗಡಿಯ ಮೇಲೆ ಒಂದು ಕೋಣೆ. ಅಲ್ಲಿ ತಂಗಿಯನ್ನು ಇಟ್ಟಳು, ಹೊಲಿಗೆ ಯಂತ್ರ ಹಾಕಿಕೊಟ್ಟಳು. ಹೆತ್ತ ತಾಯಿಗೂ ಹೇಳಲಿಲ್ಲ, ಅಮ್ಮ ಅಳಿಯನ ಒಂದು ಕಣ್ಣೀರಿಗೆ ಕರಗುವವಳು. ತನ್ನ ಮನೆಯಿಂದ ನೇರ ಹೋದರೆ ಅವನು ಹಿಂಬಾಲಿಸುತ್ತಾನೆಂದು ಡ್ಯೂಟಿಯ ನಡುವೆಯೇ ಹೋಗುತ್ತಿದ್ದಳು. ಕಂಪನಿ ಗಾಡಿಯನ್ನು ಯಾರು ಅನುಮಾನಿಸುತ್ತಾರೆ? ಕತ್ತರಿಸಿದ ಬಟ್ಟೆಯ ಗಂಟು ಕೊಟ್ಟು, ಹೊಲಿದದ್ದನ್ನು ತೆಗೆದುಕೊಂಡು, ತಂಗಿಯ ಮುಖವನ್ನೊಮ್ಮೆ ಎರಡೂ ಕೈಯಲ್ಲಿ ಹಿಡಿದು ನೋಡಿ ಬರುತ್ತಿದ್ದಳು. ಹನ್ನೆರಡು ನಿಮಿಷ ಅದು.

ಬಂಕಿನ ಚುಕ್ಕಿ ಕೇಳಿದವರು ಮೂರು ತಿಂಗಳಿಂದ ಇದನ್ನು ಕೇಳಿರಲಿಲ್ಲ; ತಂಗಿಯ ಬಗ್ಗೆ ತನ್ನ ಗಾಡಿಯೇ ಬಾಯಿ ಬಿಡುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

"ಕೇಳ್ತಿರೋದು ನಿನ್ನನ್ನೇ. ಯಾರಿದಾರೆ?"

"ಬೇಕಾದವರು," ಎಂದಳು.

ಕೋಣೆಗೆ ಅಷ್ಟೇ ಸಾಕಾಯಿತು. ಯಾರೋ ಸಿಳ್ಳೆ ಹಾಕಿದರು. "ಹನ್ನೆರಡೇ ನಿಮಿಷಕ್ಕೆ ಮುಗೀತದಾ?" ಎಂದ ಮೀಸೆ. ಅವತ್ತಿನಿಂದ ಶೆಡ್ಡಿನಲ್ಲಿ ಅವಳಿಗೆ ಸಂದಿ ಎಂಬ ಹೆಸರು ಬಿತ್ತು. ಸಂದಿ ಬಂದಳು. ಸಂದಿಗೆ ಕೀ ಕೊಡಿ. ಅವಳು ಕೇಳಿಯೂ ಕೇಳದವಳಂತೆ ಗಾಡಿ ತೊಳೆದಳು. ಮಿಂಡನಿದ್ದಾನೆಂದು ಅಂದುಕೊಳ್ಳಲಿ. ಆ ಹೊಲಸು ಮಾತು ತಂಗಿಯ ಬಾಗಿಲಿಗೆ ಅಡ್ಡ ನಿಲ್ಲುವುದಾದರೆ ನಿಲ್ಲಲಿ. ಸಂದಿಗೆ ಹೋಗುವುದನ್ನು ಅಂದೇ ನಿಲ್ಲಿಸಿದಳು. ಆದರೆ ಚುಕ್ಕಿಗಳು ಆಗಲೇ ಬಿದ್ದಾಗಿತ್ತು.

ಎರಡು ವಾರ ಕಳೆದ ಮೇಲೆ, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ವ್ಯಾನಿನಲ್ಲಿ ಮೇಷ್ಟ್ರು ಮತ್ತು ಹಿಂದಿನ ಸೀಟಿನ ಹೆಂಗಸು. ಇಸ್ತ್ರಿ ಅಜ್ಜಿಯ ಫೋನು.

"ಬೇಗ ಬಾ ತಾಯಿ. ಬಾಗ್ಲು ಒದೀತಾವ್ನೆ."

ಅವಳು ವ್ಯಾನು ತಿರುಗಿಸಿದಳು. ಬೈಪಾಸಿನಲ್ಲಿ ಮುಂದೆ ಅಡ್ಡಿಯೇನೂ ಇರಲಿಲ್ಲ. ಕಾಲಡಿಯ ಪೆಡಲು ನೆಲ ಮುಟ್ಟಿತು. ಮುಳ್ಳು ಐವತ್ತರಲ್ಲಿ ಕೂತಿತು. ಪೆಟ್ಟಿಗೆ ಕುಂಯ್ ಕುಂಯ್ ಎನ್ನತೊಡಗಿತು. ಬೈಕಿನವರು ದಾಟಿಹೋದರು, ಕಾರುಗಳು ದಾಟಿಹೋದವು, ತರಕಾರಿ ತುಂಬಿದ ಟೆಂಪೋ ಕೂಡ ದಾಟಿಹೋಯಿತು. ಅವಳು ಸ್ಟೇರಿಂಗಿಗೆ ಗುದ್ದಿದಳು. "ಓಡೋ, ನಿನ್ನ ವಂಶ ಹಾಳಾಗ, ಓಡೋ," ಎಂದು ಕಿರುಚಿದಳು. ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಕಂಟ್ರೋಲ್ ರೂಮಿನಿಂದ. ಅಲ್ಲಿ ಪರದೆ ನೋಡುವ ಗುಮಾಸ್ತನನ್ನು ಡ್ರೈವರುಗಳು ಕಂಟ್ರೋಲು ಎಂದೇ ಕರೆಯುತ್ತಿದ್ದರು.

"ಅಕ್ಕ, ರೂಟ್ ಬಿಟ್ಟಿದೀರ. ಪೇಷೆಂಟ್ ಲೇಟ್ ಆಗ್ತಾರೆ."

ಮೇಷ್ಟ್ರು ಫೋನು ಕಿತ್ತುಕೊಂಡರು. "ಪೇಷೆಂಟು ನಾನೇ ಕಣಯ್ಯ. ನನಗೆ ಲೇಟಾದ್ರೆ ಪರವಾಗಿಲ್ಲ. ಇಡು."

ಇಪ್ಪತ್ತೆರಡು ನಿಮಿಷ ಹಿಡಿಯಿತು. ಅವಳು ಮೆಟ್ಟಿಲು ಹತ್ತಿದಾಗ ಅವನು ಹೋಗಿಯಾಗಿತ್ತು. ತಂಗಿ ಹೊಲಿಗೆ ಯಂತ್ರದ ಕೆಳಗೆ ಕೂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಬೇರೆ ಯಾರದೋ ವಸ್ತುವಿನಂತೆ ಹಿಡಿದುಕೊಂಡಿದ್ದಳು. ಬಾಗಿಲ ಸಂದಿನಲ್ಲಿ ಆ ಕೈಯಿಟ್ಟು ಅವನು ಬಾಗಿಲನ್ನು ಒದ್ದಿದ್ದ. ಮೂರು ಬೆರಳುಗಳು ಬೆರಳಿನ ಆಕಾರದಲ್ಲಿರಲಿಲ್ಲ.

"ದುಡಿಯೋ ಕೈಗೆ ಕೊಬ್ಬು ಬಂದಿದೆ ಅಂದ," ಎಂದಳು ತಂಗಿ. ಅವಳು ಅಳುತ್ತಿರಲಿಲ್ಲ. ವ್ಯಾನಕ್ಕ ಅವಳನ್ನು ಎಡಹೆಗಲಿಗೆ ಹಾಕಿಕೊಂಡು ಇಳಿಸಿದಳು. ಮೇಷ್ಟ್ರು ತಮ್ಮ ಸೀಟು ಬಿಟ್ಟುಕೊಟ್ಟು ಹಿಂದಕ್ಕೆ ಹೋದರು. ಆಸ್ಪತ್ರೆಯ ದಾರಿಯಲ್ಲಿ ತಂಗಿ ಮತ್ತೊಂದು ಮಾತು ಹೇಳಿದಳು.

"ಅಕ್ಕ, ಅವನು ನಗ್ತಿದ್ದ. ಊರೆಲ್ಲಾ ಹುಡುಕಿದೆ, ಕೊನೆಗೆ ನಿಮ್ಮಕ್ಕನ ಗಾಡಿನೇ ತೋರಿಸ್ತು ಅಂದ."

ಮುಳ್ಳು ಐವತ್ತರಲ್ಲೇ ಇತ್ತು.

ತಂಗಿಯನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡ ಮೇಲೆ ಅವಳು ಸೀದಾ ಕಂಟ್ರೋಲ್ ರೂಮಿಗೆ ಹೋದಳು. ಸೀರೆಯ ಮೇಲೆ ರಕ್ತವಿತ್ತು.

"ಯಾರಿಗೆ ತೋರಿಸಿದೆ?"

ಕಂಟ್ರೋಲು ಎದ್ದು ನಿಂತ. "ಏನಕ್ಕ?"

"ನನ್ನ ಗಾಡಿಯ ಚುಕ್ಕಿ. ಯಾರಿಗೆ ತೋರಿಸಿದೆ?"

"ಓ, ಅದಾ. ನಿಮ್ಮ ತಂಗಿ ಗಂಡ ಅಂತ ಬಂದಿದ್ರು. ಮನೆ ವಿಷಯ, ಅಕ್ಕ ದಿನಾ ಎಲ್ಲಿಗೆ ಹೋಗ್ತಾರೆ ಅಂದ್ರು. ಟೀ ಕುಡಿಸಿದ್ರು. ತೋರಿಸಿದೆ. ದಿನಾ ಎಲ್ಲರೂ ನೋಡೋದೇ ಅಲ್ವಾ? ಅದರಲ್ಲಿ ಗುಟ್ಟು ಏನಿದೆ?"

ಅವನ ಮುಖದಲ್ಲಿ ಕೇಡಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಉರಿಯಿತು. ಕೇಡಿದ್ದಿದ್ದರೆ ಕಪಾಳಕ್ಕೆ ಬಾರಿಸಬಹುದಿತ್ತು.

ಅಲ್ಲಿಂದ ಶೆಡ್ಡಿನ ಮೆಕ್ಯಾನಿಕ್ ಹತ್ತಿರ ಹೋದಳು. ಅವನು ಗಾಡಿಯ ಕೆಳಗೆ ಮಲಗಿದ್ದ.

"ನನ್ನ ಗಾಡಿಯಿಂದ ಆ ಪೆಟ್ಟಿಗೆ ಕಿತ್ತುಹಾಕು."

ಅವನು ತೆವಳಿ ಹೊರಬಂದ. ಅವಳ ಸೀರೆ ನೋಡಿದ. ನಡೆದದ್ದನ್ನು ಕೇಳಿದ. ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತಲೇ ನಿಂತ, ಒರೆಸುವುದು ಮುಗಿದರೂ ಒರೆಸಿದ.

"ಸೀಲು ಮುರಿದ್ರೆ ನನ್ನ ಕೆಲಸ ಹೋಗುತ್ತೆ ಅಕ್ಕ."

"ಹಾಗಾದ್ರೆ ಬಿಡು."

ಅವಳು ತಿರುಗಿದಳು. ಅವನು ಬೆನ್ನ ಹಿಂದಿನಿಂದ ಹೇಳಿದ.

"ನಿಮಗೊಂದು ವಿಷಯ ಗೊತ್ತಿರಲಿ. ಹೋದ ತಿಂಗಳು ಯಜಮಾನರು ಮಗಳಿಗೆ ಹೊಸ ಕಾರು ಕೊಡಿಸಿದ್ರಲ್ಲ, ಈಗಿನ ಕಾರಲ್ಲಿ ಇದು ಕಾರ್ಖಾನೆಯಿಂದಲೇ ಬರುತ್ತೆ. ಎಲ್ಲಿ ಹೋಯ್ತು, ಎಷ್ಟು ಹೊತ್ತು ನಿಂತಿತು, ಎಲ್ಲಾ ಕಂಪನಿಗೆ ಹೋಗುತ್ತೆ. ಯಜಮಾನರು ನನ್ನನ್ನ ತಮ್ಮ ಮನೆಗೆ ಕರೆಸಿ ಅದನ್ನ ಕಟ್ ಮಾಡಿಸಿದ್ರು. ಹೆಣ್ಣುಮಗು ಓಡಿಸೋ ಗಾಡಿ, ಎಲ್ಲಿ ಬರ್ತಾಳೆ ಎಲ್ಲಿ ಹೋಗ್ತಾಳೆ ಅಂತ ಕಂಡವರಿಗೆಲ್ಲ ಯಾಕೆ ಗೊತ್ತಾಗಬೇಕು ಅಂದ್ರು. ನಾನೇ ಈ ಕೈಯಲ್ಲೇ ತಂತಿ ಕತ್ತರಿಸಿದೆ."

ಮರುದಿನ ಬೆಳಿಗ್ಗೆ ಮೀಟಿಂಗಿಗೆ ಯಜಮಾನರೇ ಬಂದಿದ್ದರು. ಎಲ್ಲರ ಮುಂದೆ ಒಂದೊಂದು ಹಾಳೆ, ಒಂದೊಂದು ಪೆನ್ನು. ಸೂಪರ್‌ವೈಸರ್ ಓದಿದ. ಗಾಡಿಯ ಮಾಹಿತಿ ಕಂಪನಿಯ ಸ್ವತ್ತು. ಕಂಪನಿ ಯಾರಿಗೆ ಬೇಕಾದರೂ ತೋರಿಸಬಹುದು. ಅದರಿಂದ ಏನೇ ಆದರೂ ಕಂಪನಿ ಹೊಣೆಯಲ್ಲ. ಡ್ರೈವರುಗಳು ಮನಸಾರೆ ಒಪ್ಪಿ ಸಹಿ ಮಾಡಿದ್ದಾರೆ.

"ನಿನ್ನೆ ಆದದ್ದು ಕೇಳಿ ನನಗೂ ಬೇಜಾರಾಯ್ತು," ಎಂದರು ಯಜಮಾನರು ವ್ಯಾನಕ್ಕನಿಗೆ. "ಆದರೆ ನೋಡಮ್ಮ, ಅದು ನಿಮ್ಮ ಸಂಸಾರದ ಜಗಳ. ಅದಕ್ಕೆ ಕಂಪನಿ ಎಳೀಬೇಡ. ರೂಟ್ ಬಿಟ್ಟಿದ್ದಕ್ಕೆ ನಾನೇನೂ ಕ್ರಮ ತಗೊಳ್ಳಲ್ಲ. ಸಹಿ ಹಾಕು, ಗಾಡಿ ತಗೊಂಡು ಹೋಗು."

ಪೆನ್ನುಗಳು ಆಗಲೇ ಗೀಚುತ್ತಿದ್ದವು. ಅವಳು ಎದ್ದು ನಿಂತಳು.

"ಸಹಿ ಹಾಕ್ತೀನಿ ಸ್ವಾಮಿ. ಮೊದಲು ನಿಮ್ಮ ಮಗಳ ಕಾರನ್ನ ಆ ಗೋಡೆ ಮೇಲೆ ಹಾಕಿ."

ಗೀಚುವ ಸದ್ದು ನಿಂತಿತು.

"ಏನಂದೆ?"

"ಎಲ್ಲಿ ಹೋಗ್ತಾಳೆ, ಎಷ್ಟು ನಿಮಿಷ ನಿಲ್ತಾಳೆ, ನಾವೂ ನೋಡ್ತೀವಿ. ಹದಿನಾಲ್ಕು ಜನ ಕೂತು ನೋಡ್ತೀವಿ. ಬಾತ್‌ರೂಮಲ್ಲಿ ಒಂಬತ್ತು ನಿಮಿಷ ಯಾಕೆ ಅಂತ ನಿಮ್ಮ ಸೂಪರ್‌ವೈಸರ್ ಕೇಳಲಿ. ನಾವು ನಗ್ತೀವಿ."

"ನಾಲಿಗೆ ಬಿಗಿಹಿಡಿ," ಎಂದು ಸೂಪರ್‌ವೈಸರ್ ಎದ್ದ.

"ನೀನು ಕೂತ್ಕೊ. ನಿನ್ನ ಹತ್ತಿರ ಮಾತಾಡ್ತಿಲ್ಲ." ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಕೂತ.

"ಅದು ನನ್ನ ಸ್ವಂತ ಕಾರು," ಎಂದರು ಯಜಮಾನರು. ಅವರ ಕುತ್ತಿಗೆ ಕೆಂಪಾಗಿತ್ತು.

"ಗಾಡಿ ನಿಮ್ಮದೇ ಸ್ವಾಮಿ. ನಾನು ಉಚ್ಚೆ ಹೊಯ್ಯೋದು ನಿಮ್ಮದಾ? ನನ್ನ ಮುಟ್ಟು ನಿಮ್ಮದಾ? ನನ್ನ ತಂಗಿ ಅಡಗಿ ಕೂತ ಕೋಣೆ ನಿಮ್ಮದಾ? ನಿಮ್ಮ ಮಗಳ ಕಾರಿಂದ ಆ ತಂತಿ ಯಾಕೆ ಕತ್ತರಿಸಿದ್ರಿ? ಕಂಡವರಿಗೆ ಗೊತ್ತಾಗಬಾರದು ಅಂತ. ಅಂದ್ರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನಮಗೆ ಹಾಕಿದ್ರಿ. ನಾವು ಕಂಡವರ ಮನೆ ಹೆಣ್ಣುಮಕ್ಕಳು ಅಲ್ವಾ?"

ಯಾರೂ ನಗಲಿಲ್ಲ. ಯಜಮಾನರು ಮೆಕ್ಯಾನಿಕ್ ಎಲ್ಲಿದ್ದಾನೆಂದು ಬಾಗಿಲ ಕಡೆ ನೋಡಿದರು. ಆಗಲೇ ವ್ಯಾನಕ್ಕನಿಗೆ ಗೊತ್ತಾಯಿತು, ಅವನ ಕೆಲಸವೂ ಹೋಯಿತು. ಆ ನೋವು ಅವಳಿಗೆ ಇವತ್ತಿಗೂ ಇದೆ.

ಅವಳು ಹಾಳೆಯನ್ನು ಹರಿಯಲಿಲ್ಲ. ನಾಲ್ಕಾಗಿ ಮಡಚಿ ಪೆನ್ನಿನ ಕೆಳಗಿಟ್ಟಳು, ವ್ಯಾನಿನ ಕೀಲಿ ಅದರ ಮೇಲಿಟ್ಟಳು. ಹೊರಗೆ ಬಂದು ನಲ್ಲಿ ತಿರುಗಿಸಿ ಬೊಗಸೆಗಟ್ಟಲೆ ನೀರು ಕುಡಿದಳು.

ಅವತ್ತು ಮೂವರು ಪೆನ್ನು ಕೆಳಗಿಟ್ಟರಂತೆ. ಸಂಜೆಯೊಳಗೆ ಇಬ್ಬರು ಎತ್ತಿಕೊಂಡರು. ಮೀಸೆಯೊಬ್ಬ ಎತ್ತಲಿಲ್ಲ. ಈಗ ಅವನು ಲಗೇಜ್ ಆಟೋ ಓಡಿಸುತ್ತಾನೆ. ಒಮ್ಮೆ ಆಸ್ಪತ್ರೆಯ ಗೇಟಿನಲ್ಲಿ ಸಿಕ್ಕ. "ಆವತ್ತು ನಾನು ನಗಬಾರದಿತ್ತು," ಎಂದ. "ಹೌದು," ಎಂದಳು ಅವಳು. ಅದಕ್ಕಿಂತ ಹೆಚ್ಚು ಕೊಡಲು ಅವಳಲ್ಲಿ ಇರಲಿಲ್ಲ. ಮೇಷ್ಟ್ರು ಎರಡು ಸಲ ಫೋನ್ ಮಾಡಿ, ಹೊಸ ಡ್ರೈವರು ಮೆಟ್ಟಿಲು ಹತ್ತಿ ಬರುವುದಿಲ್ಲ, ಕೆಳಗಿನಿಂದ ಹಾರನ್ ಹೊಡೆಯುತ್ತಾನೆ ಎಂದರು. ಮೂರನೇ ಸಲ ಅವರ ಫೋನು ಬರಲಿಲ್ಲ. ವಿಚಾರಿಸಲು ಅವಳಿಗೆ ಧೈರ್ಯವಾಗಲಿಲ್ಲ. ಅವಳು ಬೇರೊಂದು ಕಡೆ ಮತ್ತೆ ಪೊರಕೆ ಹಿಡಿದಳು.

ತಂಗಿಯ ಎರಡು ಬೆರಳು ಉಳಿದವು, ಮಡಚಲು ಬರುವುದಿಲ್ಲ. ಮೂರನೆಯದನ್ನು ತೆಗೆದರು. ಗಂಡನನ್ನು ಪೊಲೀಸರು ಎರಡು ದಿನ ಇಟ್ಟುಕೊಂಡು ಬಿಟ್ಟರು. ತಂಗಿ ಹೊಸ ಜಾಗಕ್ಕೆ ಹೋದಳು. ಅವನು ತನ್ನ ಹತ್ತಿರ ಸುಳಿಯದಂತೆ ಆಜ್ಞೆ ಕೊಡಿ ಎಂದು ಅರ್ಜಿ ಹಾಕಲು ಅಕ್ಕ ತಂಗಿ ಇಬ್ಬರೂ ನ್ಯಾಯಾಲಯಕ್ಕೆ ಹೋದರು.

ಕಿಟಕಿಯೊಳಗೆ ಗುಮಾಸ್ತ. ಹೊರಗೆ ಉದ್ದ ಸಾಲು. ಗುಮಾಸ್ತ ಅರ್ಜಿಯನ್ನು ಮೇಲಿನಿಂದ ಕೆಳಗೆ ನೋಡಿದ, ಪೆನ್ನಿನಿಂದ ಒಂದು ಖಾನೆ ಕುಟ್ಟಿದ.

"ಈಗ ವಾಸ ಇರೋ ವಿಳಾಸ ಬರೆದಿಲ್ಲ."

"ಇದನ್ನ ಯಾರು ನೋಡ್ತಾರೆ?" ಎಂದಳು ತಂಗಿ.

"ಸಾಹೇಬ್ರು ನೋಡ್ತಾರೆ. ಒಂದು ಪ್ರತಿ ಎದುರು ಪಾರ್ಟಿಗೆ ಹೋಗುತ್ತೆ."

"ಎದುರು ಪಾರ್ಟಿ ಅಂದ್ರೆ?"

"ನಿನ್ನ ಗಂಡ ಕಣಮ್ಮ."

ವ್ಯಾನಕ್ಕ ಬಾಯಿ ತೆರೆದಳು. ತಂಗಿ ಅವಳ ತೋಳಿನ ಮೇಲೆ ಕೈಯಿಟ್ಟು ತಡೆದಳು. ಹುಟ್ಟಿದಾಗಿನಿಂದ ಅಕ್ಕನ ಹಿಂದೆಯೇ ನಿಂತವಳು ಅವಳು. ಕಿಟಕಿಗೆ ಮುಖವೊಡ್ಡಿ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಅಂದಳು.

"ಅವನಿಂದ ಕಾಪಾಡಿ ಅಂತ ಕೇಳೋದಕ್ಕೆ ಅವನಿಗೆ ನನ್ನ ಮನೆ ತೋರಿಸಬೇಕಾ?"

"ನಿಯಮ ಅದು. ಖಾನೆ ಖಾಲಿ ಇದ್ರೆ ಕಂಪ್ಯೂಟರ್ ತಗೊಳ್ಳಲ್ಲ."

"ನೀವು ತಗೊಳ್ಳಿ."

"ನಿಮ್ಮ ಹಿಂದೆ ಎಷ್ಟು ಜನ ಇದಾರೆ ನೋಡಿ. ಬರೀರಿ, ಇಲ್ಲ ಜಾಗ ಬಿಡಿ."

ತಂಗಿ ಪೆನ್ನು ಎಡಗೈಗೆ ತೆಗೆದುಕೊಂಡಳು. ಆ ಕೈಯಲ್ಲಿ ಬರೆಯಲು ಅವಳು ಇನ್ನೂ ಕಲಿಯುತ್ತಿದ್ದಳು. ಖಾನೆಯಲ್ಲಿ ಸೊಟ್ಟಸೊಟ್ಟಗೆ, ಒಂದೊಂದೇ ಅಕ್ಷರ ಕೂಡಿಸಿ ಬರೆದಳು. "ಹೇಳುವುದಿಲ್ಲ."

ಗುಮಾಸ್ತ ಅದನ್ನು ಓದಿ ಅರ್ಜಿಯನ್ನು ಕಿಟಕಿಯಿಂದ ಹೊರಕ್ಕೆ ತಳ್ಳಿದ. ತಂಗಿ ಒಳಕ್ಕೆ ತಳ್ಳಿದಳು. ಅವನು ಮತ್ತೆ ಹೊರಕ್ಕೆ ತಳ್ಳಿದ. ಅವಳು ಮತ್ತೆ ಒಳಕ್ಕೆ ತಳ್ಳಿ, ಅದರ ಮೇಲೆ ಪಟ್ಟಿ ಸುತ್ತಿದ ಬಲಗೈಯನ್ನು ಇಟ್ಟಳು. ತೆಗೆಯಲಿಲ್ಲ.